ಹಳೆಯ ಬುಲೆಟ್ಟಿನ ಮುಂಭಾಗ, ಮನೆಯಂಗಳದಲ್ಲಿ

ಬುಲೆಟ್ ಬೈಕು ರಸ್ತೆಯ ಗುಂಡಿಗೆ ಇಳಿದಾಗ ಮುಂದಿನಿಂದ ‘ಟಕ್’ ಎಂಬ ಸದ್ದು ಬಂದರೆ ಬಹಳ ಮಂದಿ ಶಾಕ್ ಅಬ್ಸಾರ್ಬರನ್ನು ದೂರುತ್ತಾರೆ. ನನ್ನ ಅನುಮಾನ ಮೊದಲು ಹೋಗುವುದು ಕೋನ್ ಸೆಟ್ಟಿನ ಕಡೆಗೆ, ಅಂದರೆ ಹ್ಯಾಂಡಲ್ ತಿರುಗುವ ಬುಡದಲ್ಲಿ ಬಟ್ಟಲಿನಂಥ ಕಪ್ಪು, ಕೋನ್ ಮತ್ತು ಅವುಗಳ ನಡುವೆ ಉರುಳುವ ಉಕ್ಕಿನ ಗುಂಡುಗಳಿರುವ ಬೇರಿಂಗಿನ ಕಡೆಗೆ. ನನ್ನದು ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ 350 ಸಿಸಿ ಬುಲೆಟ್. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನೆನೆಯುವ ಗಾಡಿ. ಮಳೆಗಾಲ ಕಳೆದ ಮೇಲೆ ಅದರ ಮುಂಭಾಗವನ್ನು ನಾನೇ ಬಿಚ್ಚುತ್ತೇನೆ.

ಸ್ಪ್ಯಾನರ್ ಹಿಡಿಯುವ ಮೊದಲು ಪರೀಕ್ಷೆ ಆಗಬೇಕು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತುತ್ತೇನೆ. ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿದಾಗ ಅಲುಗಾಟ ಕಂಡರೆ ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ, ಫೋರ್ಕಿನೊಳಗೆ ಪೈಪ್ ಜಾರುವ ಬಳೆಯಂಥ ಬುಷ್ ಸವೆದಿದ್ದರೂ ಹಾಗೆಯೇ ಆಗುತ್ತದೆ. ಕೋನ್ ಕೂರುವ ಸಂದಿಗೆ ಒಂದು ಬೆರಳಿಟ್ಟು ಮತ್ತೆ ಜಗ್ಗುತ್ತೇನೆ. ಅಲುಗಾಟ ಆ ಬೆರಳಿಗೆ ತಾಕಿದರೆ ಕೋನ್ ಸಡಿಲವಾಗಿದೆ. ಆಮೇಲೆ ಹ್ಯಾಂಡಲನ್ನು ಎರಡೇ ಬೆರಳಿನಿಂದ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸುತ್ತೇನೆ. ಸರಿಯಾಗಿ ನಡುವಿಗೆ ಬಂದಾಗ ಅದು ತಾನಾಗಿಯೇ ಕಚ್ಚಿಕೊಂಡು ನಿಂತರೆ ಕಪ್ಪಿನಲ್ಲಿ ತಗ್ಗು ಬಿದ್ದಿದೆ ಎಂದೇ ಅರ್ಥ. ಗಾಡಿ ಬಹುಪಾಲು ನೇರವಾಗಿ ಓಡುವುದರಿಂದ ಗುಂಡುಗಳು ಒಂದೇ ಜಾಗದಲ್ಲಿ ಪೆಟ್ಟು ತಿನ್ನುತ್ತವೆ, ಅಲ್ಲಿದ್ದ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ. ಇಂಥ ಕಪ್ಪನ್ನು ಬಿಗಿ ಮಾಡಿ ದಿನ ದೂಡುವವರಿದ್ದಾರೆ. ಸದ್ದೇನೋ ನಿಲ್ಲುತ್ತದೆ, ಆದರೆ ನಿಧಾನವಾಗಿ ಹೋಗುವಾಗ ಗಾಡಿ ಅತ್ತಿತ್ತ ಓಲಾಡಲು ತೊಡಗುತ್ತದೆ.

ಹಳೆಯ ಬುಲೆಟ್ಟಿನಲ್ಲಿ ಗುಂಡುಗಳು ಬಿಡಿಬಿಡಿಯಾಗಿರುತ್ತವೆ. ಕಾಲು ಇಂಚಿನವು, ಮೇಲೆ 19, ಕೆಳಗೆ 19. ಫೋರ್ಕನ್ನು ಇಳಿಸುವಾಗ ಅವು ಉದುರಿ ಓಡುತ್ತವೆ, ಆದ್ದರಿಂದ ನೆಲಕ್ಕೆ ಹಳೆಯ ಪಂಚೆ ಹಾಸಿರುತ್ತೇನೆ. ಮತ್ತೆ ಜೋಡಿಸುವಾಗ ಕಪ್ಪಿಗೆ ದಪ್ಪಗೆ ಗ್ರೀಸ್ ಮೆತ್ತಿ ಗುಂಡುಗಳನ್ನು ಒಂದೊಂದಾಗಿ ಅಂಟಿಸಬೇಕು. ಕೊನೆಗೆ ಇನ್ನೊಂದು ಗುಂಡು ಹಿಡಿಯುವಷ್ಟು ಜಾಗ ಉಳಿದಂತೆ ಕಾಣುತ್ತದೆ. ತುಂಬುವ ಆಸೆ ಯಾರಿಗೂ ಬಂದೀತು, ಆದರೆ ಉರುಳಲು ಬೇಕಾದ ಎಡೆ ಅದು. ಹಳೆಯ ಕಪ್ಪಿಗೆ ಹೊಸ ಗುಂಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಬದಲಿಸಿದರೆ ಇಡೀ ಸೆಟ್ಟನ್ನೇ ಬದಲಿಸುತ್ತೇನೆ. ಹಳೆಯ ಕಪ್ಪನ್ನು ಹೊರಗೆ ತಳ್ಳಲು ಎದುರು ಬದಿಯಿಂದ ಉದ್ದನೆಯ ಸರಳು ತೂರಿಸಿ, ಸುತ್ತಲೂ ಸಮವಾಗಿ ತಟ್ಟುತ್ತಾ ಹೋಗುತ್ತೇನೆ. ಒಂದೇ ಕಡೆ ಹೊಡೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಕೋನ್ ಬಿಗಿಯುವುದರಲ್ಲಿ ಕೈಯ ಅಂದಾಜೇ ಮುಖ್ಯ. ಅಲುಗಾಟ ಪೂರ್ತಿ ಹೋಗಬೇಕು, ಆದರೂ ನಡುವಿನಿಂದ ಸ್ವಲ್ಪ ತಳ್ಳಿದರೆ ಹ್ಯಾಂಡಲ್ ತನ್ನ ಭಾರಕ್ಕೇ ಬದಿಗೆ ಬೀಳಬೇಕು. ಕ್ಲಚ್ ಮತ್ತು ಬ್ರೇಕಿನ ಕೇಬಲ್ಲುಗಳು ಅದನ್ನು ಎಳೆದು ಹಿಡಿಯುತ್ತಿಲ್ಲವೇ ಎಂದು ನೋಡಿಕೊಂಡೇ ಈ ಪರೀಕ್ಷೆ ಮಾಡುತ್ತೇನೆ.

ಫೋರ್ಕಿನ ಆಯಿಲ್ ಸೀಲ್ ಸೋರುತ್ತಿದ್ದರೆ ಮೊದಲು ಪೈಪಿನ ಮೇಲೆ ಉಗುರು ಆಡಿಸುತ್ತೇನೆ. ತುಕ್ಕಿನ ಕುಳಿಗೆ ಉಗುರು ತಡೆದರೆ ಹೊಸ ಸೀಲ್ ಹಾಕಿಯೂ ಉಪಯೋಗವಿಲ್ಲ. ಆ ಕುಳಿಯ ಅಂಚು ಅದನ್ನೂ ಹರಿದುಹಾಕುತ್ತದೆ. ಆಯಿಲನ್ನು ಅಳೆದು, ಫೋರ್ಕಿನ ಎರಡೂ ಕಾಲುಗಳಿಗೆ ಒಂದೇ ಪ್ರಮಾಣದಲ್ಲಿ ಹಾಕುತ್ತೇನೆ.

ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಹಳೆಯ ಬ್ರೇಕ್ ಶೂಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರುತ್ತಿತ್ತು, ಹಾಗಾಗಿ ನಾನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಶೂಗಳನ್ನು ಅಗಲಿಸುವ ಬ್ರೇಕಿನ ಕ್ಯಾಮಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದದ್ದು ಕರಗಿ ಶೂ ಮೇಲೆ ಇಳಿಯುತ್ತದೆ.

ಚಕ್ರವನ್ನು ಕೂರಿಸಿದ ಮೇಲೆ ಆಕ್ಸಲನ್ನು ಹಿಡಿಯುವ ಕೆಳಗಿನ ಕ್ಯಾಪುಗಳ ನಾಲ್ಕು ನಟ್ಟುಗಳನ್ನು ಸಡಿಲವಾಗಿಯೇ ಬಿಡುತ್ತೇನೆ. ದಿಮ್ಮಿ ತೆಗೆದು, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಕೆಲವು ಸಲ ಒತ್ತಿ ಬಿಟ್ಟಾಗ ಎರಡು ಕಾಲುಗಳೂ ತಮ್ಮ ಜಾಗ ಹಿಡಿಯುತ್ತವೆ. ಆಮೇಲಷ್ಟೇ ಬಿಗಿ. ಹೊಸ ಕಪ್ಪುಗಳು ಕೂರಲು ಕೆಲವು ದಿನಗಳ ಓಡಾಟ ಬೇಕು. ಅದಾದ ಮೇಲೆ ಮತ್ತೆ ದಿಮ್ಮಿ ಕೊಟ್ಟು, ಸಂದಿಗೆ ಬೆರಳಿಟ್ಟು, ಇನ್ನೊಮ್ಮೆ ಜಗ್ಗಿ ನೋಡುತ್ತೇನೆ.