ಎಂಬಿಎ: ಸೇರುವ ಮೊದಲು ಕೇಳಬೇಕಾದ್ದು, ಸೇರಿದ ಮೇಲೆ ಮಾಡಬೇಕಾದ್ದು

ಬಿ.ಕಾಂ. ಕೊನೆಯ ಸೆಮಿಸ್ಟರ್ ಬಂತು ಅಂದರೆ ನಮ್ಮ ಕಡೆಯ ಹುಡುಗ ಹುಡುಗಿಯರ ಬಾಯಲ್ಲಿ ಎರಡೇ ಮಾತು. ಒಂದು ಬ್ಯಾಂಕ್ ಪರೀಕ್ಷೆ, ಇನ್ನೊಂದು ಎಂಬಿಎ. ನಾನು ರಾಣೆಬೆನ್ನೂರಿನ ಸುತ್ತಮುತ್ತ ಬೀಜದ ಕಂಪನಿಯೊಂದಕ್ಕೆ ಸೇಲ್ಸ್ ಕೆಲಸ ಮಾಡಿ, ಆಮೇಲೆ ಎಂಬಿಎ ಓದಿದವಳು. ಈಗ ಹುಬ್ಬಳ್ಳಿಯಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಪ್ರತಿ ಬೇಸಿಗೆಯಲ್ಲೂ "ಮೇಡಂ, ಯಾವ ಕಾಲೇಜು ಸೇರಲಿ?" ಅಂತ ಫೋನ್ ಬರುತ್ತದೆ. ನಾನು ತಿರುಗಿ ಕೇಳುವುದು ಬೇರೆ. "ಇಲ್ಲಿವರೆಗೆ ಯಾರ ದುಡ್ಡಿಗಾದರೂ, ಯಾರ ಕೆಲಸಕ್ಕಾದರೂ ನೀನು ಹೊಣೆ ಹೊತ್ತಿದ್ದೀಯಾ?"

ಇದಕ್ಕೆ ಉತ್ತರ ಇದ್ದರೆ ಎಂಬಿಎ ಸೇರಿ. ಇಲ್ಲದಿದ್ದರೆ ಮೊದಲು ಒಂದೆರಡು ವರ್ಷ ಎಲ್ಲಾದರೂ ದುಡಿಯಿರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಹೇಳುತ್ತೇನೆ. ನನ್ನ ಕ್ಲಾಸಿನಲ್ಲಿ ಬ್ಯಾಡಗಿಯ ಹುಡುಗನೊಬ್ಬ ಇದ್ದ. ಮನೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾಗುವ ದುಡ್ಡಿನ ಪಾಠ ಬಂದಾಗ ಉಳಿದವರು ಸೂತ್ರ ಬರೆದುಕೊಳ್ಳುತ್ತಿದ್ದರು. ಇವನು ಎದ್ದು ನಿಂತು, ರೈತನಿಗೆ ದುಡ್ಡು ಬೇಗ ಕೊಡಬೇಕು, ಖರೀದಿದಾರನಿಂದ ನಮಗೆ ಬರುವುದು ತಡ, ನಡುವಿನ ಆ ದಿನಗಳಿಗೆ ಅಪ್ಪ ಬ್ಯಾಂಕಿನ ಓ.ಡಿ. (ಓವರ್‌ಡ್ರಾಫ್ಟ್ ಸಾಲ) ಮೇಲೆ ಬಡ್ಡಿ ಕಟ್ಟುತ್ತಾರೆ ಅಂದ. ಬೆಲೆ ಏರಬಹುದು ಅಂತ ಮಾಲನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕಿದರೆ ಬಾಡಿಗೆಯೂ ಸೇರುತ್ತದೆ ಅಂದ. ಇಡೀ ಕ್ಲಾಸಿಗೆ ಒಂದೇ ಸಲಕ್ಕೆ ವಿಷಯ ತಿಳಿಯಿತು. ಪುಸ್ತಕ ಅವನಿಗೆ ಹೊಸ ಜ್ಞಾನ ಏನೂ ಕೊಡಲಿಲ್ಲ. ತನಗೆ ಗೊತ್ತಿದ್ದನ್ನೇ ಅಳೆಯುವುದು ಹೇಗೆ ಅಂತ ತೋರಿಸಿತು. ಎಂಬಿಎ ಚೆನ್ನಾಗಿ ಮಾಡುವ ಕೆಲಸ ಇದೇ.

ಬೀಜದ ಕಂಪನಿಯಲ್ಲಿ ನನಗೂ ಹಾಗೇ ಆಗಿತ್ತು. ಮುಂಗಾರಿಗೆ ಮೊದಲೇ ಡೀಲರ್‌ಗಳಿಗೆ ಗೋವಿನಜೋಳ, ಹತ್ತಿ ಬೀಜ ಸಾಲಕ್ಕೆ ಕೊಟ್ಟು ಬರುತ್ತಿದ್ದೆವು. ಮಳೆ ಕೈಕೊಟ್ಟರೆ ಮಾಲು ವಾಪಸ್. ಬೇಡಿಕೆ ಅಂದಾಜು ಮಾಡುವುದು ಎಷ್ಟು ಕಷ್ಟ ಅಂತ ಮೈಗೆ ಹತ್ತಿದ್ದರಿಂದಲೇ ಫೋರ್‌ಕಾಸ್ಟಿಂಗ್ ಪಾಠದಲ್ಲಿ ನಾನು ಪ್ರಶ್ನೆ ಕೇಳುವಂತಾಯಿತು.

ಕೆಲಸ ಅಂದರೆ ದೊಡ್ಡ ಕಂಪನಿಯೇ ಆಗಬೇಕಿಲ್ಲ. ಊರಿನ ಹಾಲಿನ ಡೈರಿಯ ಲೆಕ್ಕ ಬರೆದಿದ್ದರೂ ಸಾಕು, ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯ ಜಿಎಸ್‌ಟಿ ನೋಡಿಕೊಂಡಿದ್ದರೂ ಸಾಕು. ಕಾಲೇಜು ಹಬ್ಬದ ದುಡ್ಡು ಸಂಗ್ರಹಿಸಿ ಕೊನೆಗೆ ಲೆಕ್ಕ ಒಪ್ಪಿಸಿದವರೂ ಇದರಲ್ಲಿ ಸೇರುತ್ತಾರೆ. ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಯಾದ ಬೆಂಗಳೂರು ಐಐಎಂ ಆಯ್ಕೆಯಲ್ಲಿ ಕೆಲಸದ ಅನುಭವಕ್ಕೆ ಅಂಕವೂ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಪಿಯುಸಿಯಲ್ಲಿ ಇರುವ ತಮ್ಮನಿಗೋ ತಂಗಿಗೋ ಇದನ್ನು ಈಗಲೇ ಹೇಳಿಡಿ.

ಯಾವ ಪರೀಕ್ಷೆ

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ವಿಭಾಗಗಳು ಮತ್ತು ಅವುಗಳಿಗೆ ಸೇರಿದ ಕಾಲೇಜುಗಳ ಸರ್ಕಾರಿ ಕೋಟಾ ಸೀಟು ಬೇಕೆಂದರೆ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ. ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಡಿಗ್ರಿಯಲ್ಲಿ ಶೇ 50 ಅಂಕ ಬೇಕು, ಎಸ್ಸಿ, ಎಸ್ಟಿ, ಪ್ರವರ್ಗ-1ಕ್ಕೆ ಶೇ 45. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಖಾಸಗಿ ಕಾಲೇಜುಗಳ ಸಂಘ ನಡೆಸುವ ಕೆಮ್ಯಾಟ್ ಕೂಡ ಇದೆ.

ಐಐಎಂ ಕನಸಿದ್ದರೆ ಕ್ಯಾಟ್. ವರ್ಷಕ್ಕೆ ಒಮ್ಮೆ, ನವೆಂಬರ್ ಕೊನೆಯ ಭಾನುವಾರದ ಆಸುಪಾಸಿಗೆ. ಅರ್ಜಿ ಆಗಸ್ಟ್‌ನಲ್ಲೇ ಶುರುವಾಗುತ್ತದೆ. ಡಿಗ್ರಿ ರಿಸಲ್ಟ್ ಬಂದ ಮೇಲೆ ನೋಡೋಣ ಅಂದುಕೊಂಡರೆ ಒಂದು ವರ್ಷ ಹೋದಂತೆಯೇ. ಈಗಿನ ಮಾದರಿಯಲ್ಲಿ ಇಂಗ್ಲಿಷ್, ಡೇಟಾ ಮತ್ತು ತರ್ಕ, ಗಣಿತ ಅಂತ ಮೂರು ಭಾಗ, ತಲಾ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆ ತಪ್ಪಾದರೆ 1 ಅಂಕ ಹೋಗುತ್ತದೆ. ಇಲ್ಲಿ ಗೊತ್ತಿಲ್ಲದ್ದನ್ನು ಬಿಡುವ ಧೈರ್ಯ ಬೇಕು. ಕ್ಯಾಟ್ ಅಂಕಗಳನ್ನು ಐಐಎಂ ಬಿಟ್ಟು ಬೇರೆ ಎಷ್ಟೋ ಒಳ್ಳೆಯ ಸಂಸ್ಥೆಗಳೂ ತೆಗೆದುಕೊಳ್ಳುತ್ತವೆ.

ಹಳ್ಳಿ, ಕೃಷಿ, ಸಹಕಾರ ಸಂಘಗಳ ಕೆಲಸದಲ್ಲಿ ಮನಸ್ಸಿದ್ದವರಿಗೆ ಬೇರೆ ದಾರಿಯೇ ಇದೆ. ಇದನ್ನು ಯಾಕೋ ನಮ್ಮ ಕಡೆ ಯಾರೂ ಹೇಳುವುದಿಲ್ಲ. ಗುಜರಾತಿನ ಆನಂದ್‌ನಲ್ಲಿ ಅಮುಲ್‌ನ ವರ್ಗೀಸ್ ಕುರಿಯನ್ ಅವರು 1979ರಲ್ಲಿ ಕಟ್ಟಿದ ಗ್ರಾಮೀಣ ನಿರ್ವಹಣೆಯ ಸಂಸ್ಥೆ ಇರ್ಮಾ ಇದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯಲ್ಲಿ ಕೃಷಿ ವ್ಯಾಪಾರದ ಪಿಜಿಡಿಎಂ ಡಿಪ್ಲೊಮಾ ಇದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೇ ಕೃಷಿ ವ್ಯಾಪಾರ ನಿರ್ವಹಣೆಯ ಎಂಬಿಎ ಇದೆ. ಬೀಜ, ಗೊಬ್ಬರ, ಹಾಲು, ಶೀತಲಗೃಹ, ರೈತ ಉತ್ಪಾದಕ ಕಂಪನಿಗಳು, ಇಲ್ಲೆಲ್ಲ ಮಣ್ಣು ಗೊತ್ತಿರುವ ಮ್ಯಾನೇಜರ್‌ಗಳು ಬೇಕು. ಬಿಎಸ್ಸಿ ಅಗ್ರಿ ಓದಿದ ಮಕ್ಕಳು ಸುಮ್ನೆ ಮಾರ್ಕೆಟಿಂಗ್ ಎಂಬಿಎಗೆ ಸೇರಿ ಬೆಂಗಳೂರಿನಲ್ಲಿ ಕ್ರೆಡಿಟ್ ಕಾರ್ಡ್ ಮಾರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಎಂಬಿಎ, ಪಿಜಿಡಿಎಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಿಶ್ವವಿದ್ಯಾಲಯ ಕೊಡುವುದು ಎಂಬಿಎ ಪದವಿ, ಸ್ವಂತವಾಗಿ ನಡೆಯುವ ಸಂಸ್ಥೆ ಕೊಡುವುದು ಪಿಜಿಡಿಎಂ. ಐಐಎಂಗಳೂ ಮೊದಲು ಡಿಪ್ಲೊಮಾವನ್ನೇ ಕೊಡುತ್ತಿದ್ದವು, 2017ರ ಕಾಯ್ದೆ ಬಂದ ಮೇಲೆ ಪದವಿ ಕೊಡಲು ಶುರು ಮಾಡಿದವು. ಪಿಜಿಡಿಎಂ ಆದರೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಒಪ್ಪಿಗೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲಸ ಬಿಡಲಾಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಗ್ನೊ ಇವೆ. ದೂರಶಿಕ್ಷಣ ಯಾವುದೇ ಇರಲಿ, ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದೆಯೇ ಅಂತ ಯುಜಿಸಿ ಪಟ್ಟಿಯಲ್ಲೇ ನೋಡಿ. ಏಜೆಂಟರ ಮಾತು ನಂಬಬೇಡಿ.

ಕಾಲೇಜನ್ನು ಪರೀಕ್ಷೆ ಮಾಡುವುದು

ಫ್ಲೆಕ್ಸ್ ಮೇಲೆ "ಸರಾಸರಿ ಪ್ಯಾಕೇಜ್ 6 ಲಕ್ಷ" ಅಂತ ಬರೆದಿರುತ್ತಾರೆ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 4 ಲಕ್ಷ, ಒಬ್ಬನಿಗೆ 24 ಲಕ್ಷ ಸಿಕ್ಕರೂ ಸರಾಸರಿ 6 ಲಕ್ಷವೇ. ಅದಕ್ಕೆ ಸರಾಸರಿ ಕೇಳಬೇಡಿ. ಎಲ್ಲರನ್ನೂ ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಡುವೆ ನಿಲ್ಲುವವನಿಗೆ ಎಷ್ಟು ಅಂತ ಕೇಳಿ. ಅದಕ್ಕೆ ಮೀಡಿಯನ್ ಅನ್ನುತ್ತಾರೆ. ಒಟ್ಟು ಎಷ್ಟು ಮಂದಿ ಓದುತ್ತಿದ್ದರು, ಪ್ಲೇಸ್‌ಮೆಂಟಿಗೆ ಎಷ್ಟು ಮಂದಿ ಹೆಸರು ಕೊಟ್ಟಿದ್ದರು, ಎಷ್ಟು ಮಂದಿ ನಿಜಕ್ಕೂ ಸೇರಿದರು, ಯಾವ ಹುದ್ದೆಗೆ? ಈ ನಾಲ್ಕನ್ನು ಕೇಳಿದಾಗ ತಡವರಿಸುವ ಕಾಲೇಜಿನ ಬಗ್ಗೆ ಅನುಮಾನ ಇಟ್ಟುಕೊಳ್ಳಿ.

ಆಮೇಲೆ ಲಿಂಕ್ಡ್‌ಇನ್ ತೆಗೆದು, ಆ ಕಾಲೇಜಿನಿಂದ ಎರಡು ಮೂರು ವರ್ಷದ ಹಿಂದೆ ಮುಗಿಸಿದವರನ್ನು ಹುಡುಕಿ. ಕಾಲೇಜು ತೋರಿಸುವ ಟಾಪರ್‌ಗಳನ್ನು ಬಿಟ್ಟು ಸಾಧಾರಣ ಮಂದಿಯನ್ನು ನೋಡಿ. ಒಬ್ಬರಿಗೆ ಮೆಸೇಜ್ ಹಾಕಿ, "ಅಕ್ಕ, ನಾನು ಹಾವೇರಿ ಜಿಲ್ಲೆಯವನು, ಅಲ್ಲಿ ಸೇರಬೇಕು ಅಂತಿದ್ದೇನೆ, ಹತ್ತು ನಿಮಿಷ ಮಾತಾಡಬಹುದಾ?" ಅಂತ ಕೇಳಿ. ನಮ್ಮ ಜನ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ಲೈಬ್ರರಿಯಲ್ಲಿ ಎಷ್ಟು ಮಂದಿ ಕೂತಿದ್ದಾರೆ ನೋಡಿ. ಸಾಧ್ಯವಾದರೆ ಒಂದು ಪಿರಿಯಡ್ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಮೇಷ್ಟ್ರು ಪಿಪಿಟಿ ಓದುತ್ತಾರಾ, ಮಕ್ಕಳನ್ನು ಮಾತಾಡಿಸುತ್ತಾರಾ ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ

ಇದನ್ನು ಅಪ್ಪ ಅಮ್ಮನ ಜೊತೆ ಕೂತು, ಪೆನ್ನು ಕಾಗದ ಹಿಡಿದು ಮಾಡಿ. 10 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ಏಳೇ ವರ್ಷದಲ್ಲಿ ತೀರಿಸುತ್ತೇನೆ ಅಂದರೆ ಸುಮಾರು 16,600. ಈಗ ಆ ಕಾಲೇಜಿನ ನಡುವಿನ ವಿದ್ಯಾರ್ಥಿಗೆ ಕೈಗೆ ಬರುವ ಸಂಬಳ 28,000 ಅಂದುಕೊಳ್ಳಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಕಂತಿಗೆ ಏನು ಉಳಿಯುತ್ತದೆ? ನನ್ನ ಅಳತೆ ಇಷ್ಟೇ: ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು. ದಾಟಿದರೆ ಆ ಕಾಲೇಜು ಬೇಡ. ಬೆಂಗಳೂರು ಐಐಎಂ ಎರಡು ವರ್ಷಕ್ಕೆ 25 ಲಕ್ಷದ ಆಸುಪಾಸು ಕೇಳುತ್ತದೆ, ಆದರೂ ಅಲ್ಲಿನ ಸಂಬಳಕ್ಕೆ ಆ ಲೆಕ್ಕ ಕೂಡುತ್ತದೆ. ಹೆಸರಿಲ್ಲದ ಕಾಲೇಜಿಗೆ 12 ಲಕ್ಷ ಸುರಿದರೆ ಕೂಡುವುದಿಲ್ಲ. ಅದಕ್ಕಿಂತ ಮೈಸೂರಿನ ಬಹದ್ದೂರ್ ಇನ್‌ಸ್ಟಿಟ್ಯೂಟ್, ಧಾರವಾಡದ ಕೌಸಾಳಿ ಇನ್‌ಸ್ಟಿಟ್ಯೂಟ್‌ನಂಥ ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಪಿಜಿಸಿಇಟಿ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಸೇರಿ ಅನ್ನುತ್ತೇನೆ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ನಿಯಮ ಬೇರೆ ಇರಬಹುದು, ಫೀ ಕಟ್ಟುವ ಮೊದಲೇ ಕೇಳಿ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಬಹುದು. ಕಂತು ಶುರುವಾಗುವುದು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಮನೆಯವರಿಗೆ ಆಗುವುದಾದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. ಮುಂದೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಈ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಉಂಟು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಇವತ್ತೇ ನಾಡಕಚೇರಿಗೆ ಹೋಗಿ.

ಕನ್ನಡ ಮೀಡಿಯಂನವರಿಗೆ

ಹೆದರಬೇಡಿ. ಈ ಮಾತನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಎಂಬಿಎಗೆ ಬೇಕಾಗುವ ಇಂಗ್ಲಿಷ್ ಸಾಹಿತ್ಯದ ಇಂಗ್ಲಿಷ್ ಅಲ್ಲ. ನೂರಿನ್ನೂರು ವ್ಯಾಪಾರದ ಪದ, ಸಣ್ಣ ವಾಕ್ಯ, ಲೆಕ್ಕ ವಿವರಿಸುವ ಧೈರ್ಯ, ಇಷ್ಟೇ. ಮೊದಲು ಕೇಸನ್ನು (ಚರ್ಚೆಗೆ ಕೊಡುವ ಕಂಪನಿಯೊಂದರ ಕಥೆಯನ್ನು) ಗೆಳತಿಗೋ ಗೆಳೆಯನಿಗೋ ಕನ್ನಡದಲ್ಲಿ ಹೇಳಿ ತೋರಿಸಿ. ಕನ್ನಡದಲ್ಲಿ ಸರಿಯಾಗಿ ಹೇಳಲು ಬಂತು ಅಂದರೆ ವಿಷಯ ತಲೆಗೆ ಹೋಗಿದೆ ಅಂತ ಅರ್ಥ, ಇಂಗ್ಲಿಷಿಗೆ ತರುವುದು ಆಮೇಲಿನ ಕೆಲಸ. ಕ್ಲಾಸಿನಲ್ಲಿ ಮೊದಲ ಹತ್ತು ನಿಮಿಷದೊಳಗೆ ಒಂದು ಪ್ರಶ್ನೆಯಾದರೂ ಕೇಳಿಬಿಡಿ. ತಡ ಮಾಡಿದಷ್ಟೂ ಬಾಯಿ ಕಟ್ಟುತ್ತದೆ.

ಸೇರುವ ಮೊದಲಿನ ಎರಡು ತಿಂಗಳು ಅಕೌಂಟಿಂಗ್ ಮತ್ತು ಎಕ್ಸೆಲ್ ಕಲಿಯಿರಿ. ಬಿಎ, ಬಿಎಸ್ಸಿಯಿಂದ ಬರುವವರಿಗೆ ಇದು ತುಂಬಾ ಮುಖ್ಯ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆಯಲ್ಲಿ ಮ್ಯಾನೇಜ್‌ಮೆಂಟ್ ಪಾಠಗಳ ಹೊಣೆ ಬೆಂಗಳೂರು ಐಐಎಂನದ್ದು, ಪಾಠ ಕೇಳಲು ದುಡ್ಡು ಬೇಕಿಲ್ಲ.

ಸಂದರ್ಶನಕ್ಕೆ ನಿಮ್ಮ ಊರನ್ನು ಓದಿಕೊಂಡು ಹೋಗಿ. ಬ್ಯಾಡಗಿ ಕಡೆಯವರಾದರೆ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು, ಅದರ ಬಣ್ಣಕ್ಕಾಗಿ ಓಲಿಯೊರೆಸಿನ್ (ಮಸಾಲೆಯ ಸಾರ) ತೆಗೆಯುವ ಕಾರ್ಖಾನೆಗಳು ಕೊಳ್ಳುವುದು, ಬೆಲೆ ಏಕೆ ಏರಿಳಿಯುತ್ತದೆ ಅನ್ನುವುದು ಗೊತ್ತಿರಬೇಕು ಅಲ್ವಾ? ಹಾವೇರಿ ಜಿಲ್ಲೆಯವನಿಗೆ ಗೋವಿನಜೋಳದ ದರ ಗೊತ್ತಿಲ್ಲದಿದ್ದರೆ ಎದುರು ಕೂತವರಿಗೆ ಬೇಸರವಾಗುತ್ತದೆ.

ನಾಯಕತ್ವ ಕಲಿಯುವ ಜಾಗ

ಲೀಡರ್‌ಶಿಪ್ ಅಂತ ಒಂದು ಪೇಪರ್ ಇರುತ್ತದೆ. ಮ್ಯಾನೇಜ್‌ಮೆಂಟ್ ಚಿಂತಕರಾದ ಹರ್ಸಿ ಮತ್ತು ಬ್ಲಾಂಚಾರ್ಡ್ ಹೇಳಿದ ಮಾತು ಅದರಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. ಕೆಲಸ ಹೊಸದಾದವನಿಗೆ ಬಿಡಿಸಿ ಹೇಳಿ, ಕೆಲಸ ಬಲ್ಲವನಿಗೆ ಬಿಟ್ಟುಕೊಡಿ, ಒಬ್ಬನೇ ಮನುಷ್ಯನ ಜೊತೆಗೂ ಕೆಲಸಕ್ಕೆ ತಕ್ಕಂತೆ ರೀತಿ ಬದಲಿಸಿ ಅನ್ನುತ್ತಾರೆ ಅವರು. ಸಂಶೋಧಕ ಹೆನ್ರಿ ಮಿಂಟ್ಸ್‌ಬರ್ಗ್ ಸಂಸ್ಥೆಗಳ ಐವರು ಮುಖ್ಯಸ್ಥರ ಜೊತೆ ತಲಾ ಒಂದು ವಾರ ಇದ್ದು ನೋಡಿದರು. ಆ ಮುಖ್ಯಸ್ಥರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ನಡೆಯುತ್ತಿರಲಿಲ್ಲ. ಮ್ಯಾನೇಜರ್ ಅಂದರೆ ಕೂತು ಯೋಚನೆ ಮಾಡುವವನು ಅಂದುಕೊಂಡವರಿಗೆ ಇದು ತಿಳಿದಿರಲಿ.

ಪೇಪರ್ ಒಂದು ಕಡೆ ಇರಲಿ, ನಿಜವಾದ ಕಲಿಕೆ ಗ್ರೂಪ್ ಪ್ರಾಜೆಕ್ಟ್‌ನಲ್ಲಿ. ಐದು ಜನರ ಗುಂಪಿನಲ್ಲಿ ಒಬ್ಬ ಏನೂ ಮಾಡುವುದಿಲ್ಲ, ಒಬ್ಬಳು ಎಲ್ಲವನ್ನೂ ತಾನೇ ಮಾಡುತ್ತಾಳೆ. ಹೆಚ್ಚಿನ ಮಕ್ಕಳು ಅವನ ಹೆಸರನ್ನೂ ಸೇರಿಸಿ ಕೊಟ್ಟು ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ಅವನನ್ನು ಒಬ್ಬನನ್ನೇ ಕರೆದು ಚಹಾ ಕುಡಿಯುತ್ತಾ ಕೇಳಿ: ಆಗುತ್ತಿಲ್ಲವಾ, ಬರುತ್ತಿಲ್ಲವಾ, ಇಷ್ಟವಿಲ್ಲವಾ? ಮೂರಕ್ಕೂ ಮದ್ದು ಬೇರೆ ಬೇರೆ. ಆಗುತ್ತಿಲ್ಲ ಅಂದರೆ ಮನೆಯಲ್ಲೋ ಹಾಸ್ಟೆಲಿನಲ್ಲೋ ಏನೋ ತೊಂದರೆ ಇರುತ್ತದೆ, ಸಮಯ ಹೊಂದಿಸಿ ಕೊಡಿ. ಬರುತ್ತಿಲ್ಲ ಅಂದರೆ ಪಕ್ಕ ಕೂತು ಕಲಿಸಿ. ಇಷ್ಟವಿಲ್ಲ ಅಂದರೆ ಅವನಿಗೆ ಹಿಡಿಸುವ ತುಂಡು ಕೆಲಸ ಕೊಟ್ಟು ತಾರೀಕು ಬರೆಸಿಕೊಳ್ಳಿ. ಆಗಲೂ ಮಾಡದಿದ್ದರೆ ಎದುರಿಗೇ ಹೇಳಿ ಹೆಸರು ತೆಗೆಯಿರಿ. ಬೆನ್ನ ಹಿಂದೆ ಮೇಷ್ಟ್ರಿಗೆ ದೂರು ಕೊಡಬೇಡಿ. ನಾಳೆ ನಿಮ್ಮ ಕೈಕೆಳಗೆ, ನಿಮಗಿಂತ ಹಿರಿಯರಾದ ಫೀಲ್ಡ್ ಸ್ಟಾಫ್ ಇರುತ್ತಾರೆ. ಅವರನ್ನು ಅಣ್ಣ ಅಂತ ಕರೆಯುತ್ತಲೇ ಟಾರ್ಗೆಟ್ ಕೇಳಬೇಕಾಗುತ್ತದೆ. ಅದಕ್ಕೆ ಬೇಕಾದ ಅಭ್ಯಾಸ ಸಿಗುವುದು ಈ ಗುಂಪುಗಳಲ್ಲಿ ಮಾತ್ರ.

ಹೆಣ್ಣುಮಕ್ಕಳಿಗೆ ಒಂದು ಮಾತು. ಗುಂಪಿನಲ್ಲಿ ನೋಟ್ಸ್ ಬರೆಯುವ ಕೆಲಸ ತಾನಾಗಿಯೇ ನಿಮ್ಮ ಕಡೆ ಬರುತ್ತದೆ. ಒಮ್ಮೆ ಬರೆಯಿರಿ, ಮುಂದಿನ ಸಲ ಪ್ರೆಸೆಂಟೇಶನ್ ನನ್ನದು ಅಂತ ಮೊದಲೇ ಹೇಳಿ. ಲೆಕ್ಕದ ಭಾಗ ವಿವರಿಸುವುದನ್ನು ಬಿಟ್ಟುಕೊಡಲೇಬೇಡಿ.

ಇಂಟರ್ನ್‌ಶಿಪ್, ಆಫರ್ ಲೆಟರ್

ಮೊದಲ ವರ್ಷ ಮುಗಿದ ಮೇಲಿನ ಇಂಟರ್ನ್‌ಶಿಪ್ ಅನ್ನು ಸರ್ಟಿಫಿಕೇಟ್‌ಗೋಸ್ಕರ ಮುಗಿಸಬೇಡಿ. ಮಾಡದೆಯೇ ಮಾಡಿದೆ ಅಂತ ಪತ್ರ ಕೊಡುವವರೂ ಇದ್ದಾರೆ. ಆ ಪತ್ರ ತಂದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸಣ್ಣ ಕಂಪನಿಯಾದರೂ ಸರಿ, ಒಂದು ಅಂಕಿ ಬದಲಾಗುವಂಥ ಕೆಲಸ ಕೇಳಿ. ಡೀಲರ್ ಬಾಕಿ ಎಷ್ಟು ದಿನಕ್ಕೆ ವಸೂಲಾಗುತ್ತಿತ್ತು, ನೀವು ಬಂದ ಮೇಲೆ ಎಷ್ಟಾಯಿತು ಅಂತ ಹೇಳಲು ಬಂದರೆ ಸಾಕು.

ಆಫರ್ ಲೆಟರ್ ಕೈಗೆ ಬಂದಾಗ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಖುಷಿಪಟ್ಟು ಸಹಿ ಹಾಕಬೇಡಿ. ಸ್ಥಿರ ಸಂಬಳ ಎಷ್ಟು, ಟಾರ್ಗೆಟ್ ಮುಟ್ಟಿದರೆ ಮಾತ್ರ ಬರುವುದು ಎಷ್ಟು, ಪಿಎಫ್‌ನ ಕಂಪನಿ ಪಾಲನ್ನೂ ಅದರೊಳಗೇ ಸೇರಿಸಿದ್ದಾರಾ, ಇಷ್ಟು ದಿನ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಇದೆಯಾ, ಓಡಾಟದ ಪೆಟ್ರೋಲ್ ಖರ್ಚು ಯಾರದ್ದು ಅಂತ ಒಂದೊಂದನ್ನೂ ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ. ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೊಳ್ಳಿ, ಆಮೇಲೆ ಸಹಿ ಮಾಡಿ.