ಅಜ್ಜನ ಪಹಣಿಗೆ ಏಳು ಹೆಸರು ಬಂದ ಬಗೆ

ಅಜ್ಜ ತೀರಿಕೊಂಡದ್ದು 1978ರಲ್ಲಿ, ಅಪ್ಪ 2018ರಲ್ಲಿ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ಮಾತ್ರ ಅಜ್ಜನನ್ನು ಬಿಟ್ಟು ಕದಲಿರಲಿಲ್ಲ. 2021ರ ಕೊನೆಯಲ್ಲಿ ಅಲ್ಲಿ ನಮ್ಮ ಏಳು ಜನರ ಹೆಸರು ಜಂಟಿಯಾಗಿ ಬಂದವು. ‘ಏಳು ಸಹಿ ಒಂದೇ ಕಾಗದದ ಮೇಲೆ ಬೀಳುವುದಿಲ್ಲ’ ಎಂದು ತಲೆಯಾಡಿಸಿದ್ದ ಮಧ್ಯವರ್ತಿ ಈಗ ತನ್ನ ಬಳಿ ಬಂದವರನ್ನು ನನ್ನ ಮನೆಗೆ ಕಳುಹಿಸುತ್ತಾನೆ. ಖರ್ಚಿನ ಲೆಕ್ಕ ನೆನಪಿನಿಂದ ಬರೆಯುತ್ತಿದ್ದೇನೆ, ಸಾವಿರ ಎರಡು ಸಾವಿರ ಆಚೀಚೆ ಇರಬಹುದು.

ಮೊದಲ ಹಣ ನೀರಿಗೆ ಹೋದದ್ದು ವಿಲ್‌ನಿಂದ. ಅಪ್ಪ ಸಾದಾ ಕಾಗದದಲ್ಲಿ ವಿಲ್ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಟ್ರಂಕಿನಲ್ಲಿಟ್ಟಿದ್ದರು. ಅದನ್ನು ನೋಡಿದ ವಕೀಲರೊಬ್ಬರು ಪ್ರೊಬೇಟ್, ಅಂದರೆ ವಿಲ್ ನಿಜವೆಂಬ ನ್ಯಾಯಾಲಯದ ದೃಢೀಕರಣ, ಆಗದೆ ಏನೂ ನಡೆಯದು ಎಂದರು. ಅರ್ಜಿ ತಯಾರಿಗೆ ಸುಮಾರು ₹18,000 ಕೊಟ್ಟೆ. ನಮ್ಮ ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ ಎಂದು ಇನ್ನೊಬ್ಬರು ಹೇಳುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ಅದಕ್ಕಿಂತ ದೊಡ್ಡ ತಪ್ಪು ಬೇರೆಯದೇ ಇತ್ತು. ಜಮೀನು ಅಜ್ಜ ಕ್ರಯಕ್ಕೆ ತೆಗೆದುಕೊಂಡ ಸ್ವಯಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಜ್ಜಿ, ಅಪ್ಪ, ಇಬ್ಬರು ಅತ್ತೆಯರು, ಎಲ್ಲರಿಗೂ ಸಮಪಾಲು. 2004ರಲ್ಲಿ ಅಜ್ಜಿ ಹೋದ ಮೇಲೆ ಅಪ್ಪನದು ಮೂರರಲ್ಲಿ ಒಂದು ಪಾಲು. ನಾಲ್ಕು ಎಕರೆ ಚಿಲ್ಲರೆಯನ್ನೂ ನನ್ನ ಹೆಸರಿಗೆ ಬರೆದಿಡುವ ಅಧಿಕಾರ ಅಪ್ಪನಿಗೆ ಇರಲೇ ಇಲ್ಲ.

ಎರಡನೆಯ ನಷ್ಟ ಮಧ್ಯವರ್ತಿಗೆ ಕೊಟ್ಟ ಮುಂಗಡ ₹7,000. ಆತನ ಒಟ್ಟು ಬೇಡಿಕೆ ಒಂದೂವರೆ ಲಕ್ಷ. ಆತನ ದಾರಿ ಎಂದರೆ ಅತ್ತೆಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವುದು. ನೆಂಟರಲ್ಲೂ ಹಲವರು ಅದನ್ನೇ ಹೇಳಿದರು. ನನ್ನ ಕೈ ಒಪ್ಪಲಿಲ್ಲ. ದೊಡ್ಡತ್ತೆ ನನ್ನನ್ನು ಎತ್ತಿ ಆಡಿಸಿದವರು. ಸುಳ್ಳು ಅಫಿಡವಿಟ್ ಮೇಲೆ ಬಂದ ಖಾತೆ ಎಂದಾದರೂ ಸಿವಿಲ್ ನ್ಯಾಯಾಲಯದಲ್ಲಿ ಬಿದ್ದೇ ಬೀಳುತ್ತದೆ. ಆ ಮುಂಗಡ ಮರಳಿ ಬರಲಿಲ್ಲ.

ಉಳಿದವರು ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಮೊದಲು, ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಆಮೇಲೆ ಎಂಬ ಕ್ರಮವನ್ನು ನಾನು ತಿರುಗಿಸಿದೆ. ಬಿಡುಗಡೆಯ ಮಾತನ್ನೇ ಎತ್ತದೆ, ಎಲ್ಲರ ಹೆಸರೂ ಬರುವ ಜಂಟಿ ಪೌತಿ ಎಂದು ಹೇಳಿ ಮನೆಮನೆಗೆ ಹೋದೆ. ದೊಡ್ಡತ್ತೆ ಕಾಗದವನ್ನು ಕೈಯಲ್ಲಿ ಹಿಡಿದು, ‘ಅಪ್ಪನ ಜಮೀನಿನ ಕಾಗದದಲ್ಲಿ ನನ್ನ ಹೆಸರೂ ಇರುತ್ತದೇನಪ್ಪಾ?’ ಎಂದು ಎರಡು ಸಲ ಕೇಳಿದರು. ಅಂದೇ ಸಹಿ ಹಾಕಿದರು. ತೀರಿಹೋದ ಚಿಕ್ಕತ್ತೆಯ ಗಂಡ ಮತ್ತು ಇಬ್ಬರು ಗಂಡುಮಕ್ಕಳ ಸಹಿಗೆ ಎಂಟು ತಿಂಗಳು ಹಿಡಿಯಿತು. ಒಬ್ಬ ಪುಣೆಯಲ್ಲಿದ್ದ. ಯಾರ ಸಹಿಯನ್ನು ಯಾರ ನಂತರ ಕೇಳಿದೆ ಎಂಬುದರಲ್ಲೇ ಅರ್ಧ ಕೆಲಸವಿತ್ತು. ಅದು ನಮ್ಮ ಮನೆಯೊಳಗಿನ ವಿಷಯ, ಇಲ್ಲಿ ಬರೆಯುವುದಿಲ್ಲ.

ನಿಜವಾಗಿ ಬೆವರಿಳಿಸಿದ್ದು ಅಜ್ಜನ ಮರಣ ಪ್ರಮಾಣಪತ್ರ. ಸಾವು ನೋಂದಣಿಯೇ ಆಗಿರಲಿಲ್ಲ. ವರ್ಷ ದಾಟಿದ ಸಾವಿಗೆ ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರವನ್ನು ಲಗತ್ತಿಸದೆ ಹಾಕಿದ ಮೊದಲ ಅರ್ಜಿ ವಾಪಸು ಬಂತು. ಎರಡನೆಯದು ಲಾಕ್‌ಡೌನ್‌ಗೆ ಸಿಕ್ಕಿ ನಿಂತಿತು. ಕೊನೆಗೆ ಊರಿನ ಇಬ್ಬರು ಹಿರಿಯರು, ಅಜ್ಜನ ಶವಕ್ಕೆ ಹೆಗಲು ಕೊಟ್ಟವರು, ಬಂದು ಸಾಕ್ಷಿ ನುಡಿದರು. ಅವರಲ್ಲಿ ಒಬ್ಬರು ಮರುವರ್ಷ ತೀರಿಕೊಂಡರು. ಇನ್ನಷ್ಟು ತಡಮಾಡಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು. ಇದಕ್ಕೆಲ್ಲ ಸೇರಿ ಆರೇಳು ಸಾವಿರ.

ಆಮೇಲೆ ಹೆಸರಿನ ತೊಡಕು. ಪಹಣಿಯಲ್ಲಿ ಅಜ್ಜನ ಹೆಸರಿನ ಕೊನೆಗೆ ‘ಯ್ಯ’, ಹಳೆಯ ಪಡಿತರ ಚೀಟಿಯಲ್ಲಿ ‘ಪ್ಪ’. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ಮತ್ತು ಹಳೆಯ ಎಂಆರ್ (ಖಾತೆ ಬದಲಾವಣೆಯ ರಿಜಿಸ್ಟರ್) ನಕಲಿಗಾಗಿ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಎಂಆರ್‌ನಲ್ಲಿ ‘ಪ್ಪ’ ಎಂದೇ ಇತ್ತು! ಆ ಪುಟದ ಜೊತೆಗೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಕೊಟ್ಟೆ. ಅದರ ಒಕ್ಕಣೆಯನ್ನು ನಾನೇ ಕೂತು ಬರೆದದ್ದು. ಮೂರು ಮನೆಯವರಿಗೆ ಕೊಟ್ಟಿದ್ದೇನೆ, ಮೂರೂ ಕಡೆ ನಡೆದಿದೆ.

ನಡುವೆ ಅಂಚೆ ಕಚೇರಿಯಲ್ಲೂ ಒಂದು ಪ್ರಯತ್ನ ಮಾಡಿದೆ. ಅಪ್ಪನ ಉಳಿತಾಯ ಪತ್ರಗಳಿಗೆ ನಾಮನಿರ್ದೇಶನವಿರಲಿಲ್ಲ. ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ನ್ಯಾಯಾಲಯಕ್ಕೆ ಹೋಗುವ ಮುನ್ನ ನಿಯಮ ಓದಿದೆ. ಸಾವಿನಿಂದ ಆರು ತಿಂಗಳು ಕಳೆದರೆ ಐದು ಲಕ್ಷದವರೆಗಿನ ಮೊತ್ತವನ್ನು ವಾರಸುದಾರರ ಅಫಿಡವಿಟ್, ಹಕ್ಕು ತ್ಯಾಗದ ಪತ್ರ ಮತ್ತು ಜಾಮೀನು ಪತ್ರದ ಮೇಲೆಯೇ ಕೊಡುತ್ತಾರೆ. ನಾನೂ ತಂಗಿಯೂ ಸಹಿ ಹಾಕಿದೆವು, ಅಮ್ಮನಿಗೆ ಹಣ ಬಂತು. ಬ್ಯಾಂಕಿನ ಖಾತೆಗೆ ಅಮ್ಮನೇ ನಾಮಿನಿ ಆಗಿದ್ದರಿಂದ ಅದು ಎರಡು ವಾರದೊಳಗೆ ಮುಗಿಯಿತು.

ಅಜ್ಜನಿಂದ ಕೆಳಗೆ ಎಲ್ಲರನ್ನೂ ಸೇರಿಸಿದ ವಂಶವೃಕ್ಷ ನಾಡಕಚೇರಿಯಿಂದ ಬಂದ ಮೇಲೆ ಪೌತಿ ಅರ್ಜಿ ಸರಾಗವಾಗಿ ನಡೆಯಿತು. ಆಕ್ಷೇಪಣೆಗೆ ಮೂವತ್ತು ದಿನ ಕಾದೆವು. ಆಕ್ಷೇಪಿಸಬಹುದಾಗಿದ್ದ ಪ್ರತಿಯೊಬ್ಬರ ಹೆಸರೂ ಅರ್ಜಿಯಲ್ಲೇ ಇದ್ದದ್ದರಿಂದ ಒಂದು ತಕರಾರೂ ಬರಲಿಲ್ಲ. ಕಳೆದುಕೊಂಡ ಇಪ್ಪತ್ತೈದು ಸಾವಿರವನ್ನೂ ಸೇರಿಸಿ ಒಟ್ಟು ಖರ್ಚು ನಲವತ್ತೆರಡು ಸಾವಿರದ ಆಸುಪಾಸು.

ಹೊಸ ಪಹಣಿಯ ಎರಡು ಪ್ರತಿ ತೆಗೆಸಿ, ಒಂದನ್ನು ದೊಡ್ಡತ್ತೆಗೆ ಕೊಟ್ಟು ಬಂದೆ. ಅವರು ಅದಕ್ಕೆ ಚೌಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕ ಇಟ್ಟಿದ್ದಾರೆ. ಪಾಲು ಬಿಡುತ್ತೇನೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಈ ವರ್ಷ ಅವರ ಭಾಗದ ತೆಂಗಿನಕಾಯಿ ಅವರ ಮನೆಗೇ ಹೋಯಿತು.