ನಾಲೆ ಏರಿಯ ಮೇಲೆ ಕೆಂಪಿ ಮತ್ತು ನಾನು

ಕೆಂಪಿ ಮನೆಗೆ ಬಂದಿದ್ದು ನವೆಂಬರ್‌ನಲ್ಲಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬೈಕ್ ಗುದ್ದಿ ಹಿಂಗಾಲು ಮುರಿದುಕೊಂಡಿದ್ದ ಬೀದಿ ನಾಯಿ. ಕಾಲು ಕೂಡಿತ್ತು, ಭಯ ಹಾಗೇ ಇತ್ತು. ಬಂದವಳೇ ಮೆಟ್ಟಿಲ ಕೆಳಗಿನ ಸಂದಿ ಹಿಡಿದಳು. ಕುಕ್ಕರ್ ಕೂಗಿದರೂ ನಡುಗುತ್ತಿದ್ದಳು. ನಾವು ಎದುರಿಗಿದ್ದರೆ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ತಟ್ಟೆ ನೆಲಕ್ಕೆ ಉಜ್ಜುವ ಸದ್ದು ಕೇಳುತ್ತಿತ್ತು. ಅದನ್ನು ಕೇಳಿದ ಮೇಲೇ ನನಗೆ ನಿದ್ದೆ.

ರೇಬೀಸ್ ಲಸಿಕೆ, ಜಂತುಹುಳಕ್ಕೆ, ಉಣ್ಣಿಗೆ ಔಷಧ ಎಲ್ಲ ಮೊದಲೇ ಆಗಿತ್ತು. ಊಟಕ್ಕೆ ಅನ್ನ, ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರು. ಮನೆಯ ಸಾರು ಮಾತ್ರ ಹಾಕಬೇಡಿ. ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ.

ಎರಡನೇ ದಿನವೇ ನಾನು ತಲೆ ಸವರಲು ಹೋದೆ. ಅವಳು ಗೋಡೆಗೆ ಒತ್ತಿಕೊಂಡು ಅಲ್ಲೇ ಉಚ್ಚೆ ಮಾಡಿಕೊಂಡಳು. ತುಂಬ ಸಂಕಟವಾಯಿತು. ಆಮೇಲೆ ಕರೆಯುವುದನ್ನೇ ಬಿಟ್ಟೆ. ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಅವಳಿಗೆ ಬೆನ್ನು ಹಾಕಿ ಕೂತು ಹಕ್ಕಿ ಎಣಿಸತೊಡಗಿದೆ. ಜನ ಕಂಡ ಹಕ್ಕಿಗಳ ದಾಖಲೆ ಸೇರಿಸಿಡುವ ಇಬರ್ಡ್ ಜಾಲತಾಣಕ್ಕೆ ಪಟ್ಟಿ ಕಳಿಸುವ ಅಭ್ಯಾಸ ಮೊದಲಿನಿಂದ ಇತ್ತು. ಒಂದೇ ಕಡೆ 15 ನಿಮಿಷ ಕೂರುವುದು, ಕಂಡಿದ್ದು, ಕೂಗು ಕೇಳಿ ಗೊತ್ತಾಗಿದ್ದು, ಎಲ್ಲ ಬರೆಯುವುದು. ಪಿಕಳಾರ, ಮಡಿವಾಳ ಹಕ್ಕಿ, ಗಿಣಿ, ಗುಬ್ಬಿ. ನುಗ್ಗೆ ಮರಕ್ಕೆ ಬರುವ ಸೂರಕ್ಕಿ. ಈ ಕೆಲಸದಲ್ಲಿ ಕೈಕಾಲು ಆಡಿಸುವಂತಿಲ್ಲ, ಮಾತಾಡುವಂತಿಲ್ಲ. ಹೆದರಿದ ನಾಯಿಗೆ ಬೇಕಾಗಿದ್ದೂ ಅಂಥ ಮನುಷ್ಯನೇ. ಹನ್ನೊಂದನೇ ದಿನ ಹಿಮ್ಮಡಿಗೆ ತಣ್ಣನೆ ಮೂಗು ತಾಗಿತು. ನಾನು ತಿರುಗಲಿಲ್ಲ. ಪಟ್ಟಿ ಮುಗಿಯುವ ತನಕ ಇಬ್ಬರೂ ಹಾಗೇ ಕೂತಿದ್ದೆವು.

ಆಮೇಲಿನ ತೊಡಕು ಕ್ಯಾಮೆರಾ ಸ್ಟ್ಯಾಂಡ್. ಅದನ್ನು ಕೈಗೆ ತಗೊಂಡರೆ ಸಾಕು, ನೆಲಕ್ಕೆ ಕುಸಿಯುತ್ತಿದ್ದಳು. ಕೋಲಿನ ಪೆಟ್ಟು ತಿಂದ ನಾಯಿ, ಅವಳಿಗೆ ಅದೂ ಕೋಲೇ ಅಲ್ವಾ? ಸ್ಟ್ಯಾಂಡನ್ನು ನೆಲಕ್ಕೆ ಮಲಗಿಸಿ ಸುತ್ತ ಮೊಟ್ಟೆ ಚೂರು ಇಟ್ಟೆ. ಮೂರು ದಿನ ದೂರದಿಂದಲೇ ಕತ್ತು ಚಾಚಿ ತಿಂದಳು. ನಂತರ ಒಂದೊಂದೇ ಕಾಲು ಬಿಚ್ಚಿದೆ, ನಿಲ್ಲಿಸಿದೆ, ಕೊನೆಗೆ ಹೆಗಲಿಗೇರಿಸಿದೆ. ಇದಕ್ಕೇ ಮೂರು ವಾರ ಹಿಡಿಯಿತು. ಅವಸರ ಮಾಡದಿದ್ದದ್ದು ಒಳ್ಳೆಯದೇ ಆಯಿತು.

ಡಿಸೆಂಬರ್ ಕೊನೆಗೆ ಭದ್ರಾ ನಾಲೆ ಏರಿಯ ಮೇಲೆ ಓಡಾಟ ಶುರುವಾಯಿತು. ಹಗ್ಗ ಬಿಚ್ಚುವುದೇ ಇಲ್ಲ, ಎರಡು ಮಾರಿಗಿಂತ ಉದ್ದವೂ ಬಿಡುವುದಿಲ್ಲ. ಬೆಳ್ಳಕ್ಕಿ, ಕೊಕ್ಕರೆ ಮೇಯುವ ಗದ್ದೆಗೆ ಅವಳನ್ನು ಇಳಿಸುವುದಿಲ್ಲ. ಇಬರ್ಡ್ ಕೊನೆಗೆ ಒಂದು ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳೂ ಈ ಪಟ್ಟಿಯಲ್ಲಿವೆಯೇ? ಹೌದು ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆವತ್ತು ಅಲ್ಲಿ ಸಿಗಲಿಲ್ಲ ಅನ್ನುವುದೂ ಒಂದು ಮಾಹಿತಿ. ಕೆಂಪಿಯನ್ನು ನೋಡಿಕೊಳ್ಳುವುದರಲ್ಲೇ ಗಮನ ಹೋದ ದಿನ ನಾನು 'ಇಲ್ಲ' ಎಂದೇ ಒತ್ತುತ್ತೇನೆ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಬಗೆಯ ಹಕ್ಕಿಗಳ ಸ್ಥಿತಿ ನೋಡಿದ್ದು ಹೀಗೆ ಸಾಮಾನ್ಯ ಜನ ಕಳಿಸಿದ ಸುಮಾರು 3 ಕೋಟಿ ದಾಖಲೆಗಳಿಂದ. ಅದರಲ್ಲಿ 178 ಬಗೆಯವಕ್ಕೆ ಹೆಚ್ಚಿನ ಕಾಳಜಿ ಬೇಕು ಎಂದಿದೆ. ಹಾಗಿರುವಾಗ ಸುಳ್ಳು ಪಟ್ಟಿ ಕಳಿಸಲು ಮನಸ್ಸು ಬರುವುದಿಲ್ಲ.

ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಜನ ಹಕ್ಕಿ ಎಣಿಸುವ ನಾಲ್ಕು ದಿನದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಕುಂದವಾಡ ಕೆರೆಗೆ ಒಬ್ಬನೇ ಹೋದೆ. ನೀರಹಕ್ಕಿ ತಂಗುವ ದಡಕ್ಕೆ ನಾಯಿ ಕರೆದೊಯ್ಯಬಾರದು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಏರಿಯ ಮೇಲೆ ಕೆಂಪಿ ತಟ್ಟನೆ ನಿಂತಳು. ತಲೆ ಮೇಲೆ ಟಿಟ್ಟಿಭ ಜೋಡಿ ಚೀರುತ್ತಾ ಎರಗಿ ಬರುತ್ತಿದ್ದವು. ಹಗ್ಗ ಗಟ್ಟಿ ಹಿಡಿದು ನೆಲ ನೋಡಿದೆ. ನಾಲ್ಕು ಹೆಜ್ಜೆ ಮುಂದೆ, ಜಲ್ಲಿಕಲ್ಲಿನ ನಡುವೆ ಅಂಗೈಯಗಲದ ತಗ್ಗು. ಅದರಲ್ಲಿ ಮಣ್ಣುಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆ, ಚೂಪು ತುದಿ ಒಳಕ್ಕೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸವೇ ಗೊತ್ತಾಗದು. ಬಿಟ್ಟ ನಾಯಿಯಾಗಿದ್ದರೆ ಎರಡೇ ಕ್ಷಣದ ಕೆಲಸ. ಫೋಟೋ ತೆಗೆಯದೆ ಹಿಂದಕ್ಕೆ ಬಂದೆವು.

ಪಕ್ಕದ ಗದ್ದೆಯ ಯಜಮಾನರು, "ಏನ್ರೀ, ಇವತ್ತು ಬೇಗ ವಾಪಸ್?" ಅಂದರು. ಜಾಗ ತೋರಿಸಿದೆ. "ನಮ್ಮ ಹುಡುಗರಿಗೂ ಹೇಳ್ತೀನಿ ಬಿಡ್ರಿ, ಆ ಕಡೆ ದನ ಹೊಡಿಯಲ್ಲ" ಅಂದರು. ಮುಂದೆ ಸುಮಾರು ನಾಲ್ಕು ವಾರ ನಮ್ಮ ದಾರಿ ಬದಲಾಯಿತು. ಎದುರು ದಡದಿಂದ ದುರ್ಬೀನಿನಲ್ಲೇ ನೋಡಿ, ಕಾವು ಕೂತಿದೆಯೋ ಇಲ್ಲವೋ ಅಷ್ಟನ್ನೇ ದಾಖಲಿಸಿದೆ. ಮೇ ಎರಡನೇ ವಾರ ಗೂಡು ಖಾಲಿ. ಹತ್ತಿರದ ಗರಿಕೆಯಲ್ಲಿ ಮೂರು ಮರಿ ಓಡುತ್ತಿದ್ದವು, ತಾಯಿ ಕೂಗಿದಾಗ ಅಲ್ಲೇ ನೆಲಕ್ಕಂಟಿ ಮಾಯವಾಗುತ್ತಿದ್ದವು.

ಈಗ ಎಷ್ಟೋ ಸಲ ನನಗಿಂತ ಮೊದಲು ಅವಳ ಕಿವಿ ನಿಮಿರುತ್ತದೆ. ಮೊನ್ನೆ ಬೇಲಿಯತ್ತ ತಿರುಗಿತು. ದುರ್ಬೀನು ಎತ್ತಿದರೆ ಕಳ್ಳಿಯ ಬುಡದಲ್ಲಿ ಗೌಜಲ ಹಕ್ಕಿ, ಎರಡು. ಬರೆದುಕೊಂಡೆ. ಅವಳು ಸ್ಟ್ಯಾಂಡಿನ ಕಾಲಿಗೆ ಒರಗಿ ಕೂತಿದ್ದಳು.